ಮುಳಬಾಗಿಲಿನ ತಂಗಿಗೆ: ಒದ್ದೆ ಕಿಟಕಿಯಿಂದ ಶುರುವಾದ ನನ್ನ ಇಂಗ್ಲಿಷ್

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಜನವರಿಯಲ್ಲಿ ಕೆನಡಾದ ಒಂಟಾರಿಯೋದ ಕಾಲೇಜಿಗೆ ಬರುತ್ತಿದ್ದೀಯ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ, ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಬೇಕಾದಷ್ಟು ಅಂಕ ಬಂದಿದೆ. ಆದರೂ ಯಾರಾದರೂ ಸರಸರ ಇಂಗ್ಲಿಷ್ ಮಾತಾಡಿದರೆ ಬಾಯಿ ಕಟ್ಟಿಹೋಗುತ್ತದೆ ಅಂತ ಬರೆದಿದ್ದೀಯ. ಅಲ್ಲಿ ಬದುಕು ಹೇಗಿರುತ್ತೆ ಅಕ್ಕಾ, ಹೊರಡುವ ಮೊದಲು ಬೆಂಗಳೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸೇರಲಾ ಅಂತ ಕೇಳಿದ್ದೀಯ.

ಸೇರಬೇಡ. ನಾನು 2007ರಲ್ಲಿ ಹೊರಡುವ ಮುಂಚೆ ಅಂಥ ಒಂದು ಕೋರ್ಸಿಗೆ ಎರಡು ತಿಂಗಳು ಹೋಗಿದ್ದೆ. ಪರಿಚಯ ಹೇಳಿಕೊಳ್ಳುವುದು, ಹವ್ಯಾಸ ಹೇಳುವುದು, ಫೋನಿನಲ್ಲಿ ವಿನಯವಾಗಿ ಮಾತಾಡುವುದು, ಇಷ್ಟನ್ನು ಕಲಿಸಿದರು. ಇಲ್ಲಿಗೆ ಬಂದ ಮೇಲೆ ನನಗೆ ಬೇಕಾದ ಮಾತು ಅದರಲ್ಲಿ ಒಂದೂ ಇರಲಿಲ್ಲ. ಆ ದುಡ್ಡು ಉಳಿಸಿಕೋ. ಇಲ್ಲಿಗೆ ಬಂದು ಒಂದು ಜೊತೆ ಒಳ್ಳೆಯ ಬೂಟು ತಗೋ. ಬೂಟನ್ನು ಅಲ್ಲಿಂದ ತರಬೇಡ, ಅಲ್ಲಿನ ಬೂಟು ಈ ಹಿಮಕ್ಕೆ ಆಗುವುದಿಲ್ಲ.

ನನ್ನ ಇಂಗ್ಲಿಷ್ ನಿಜವಾಗಿ ಶುರುವಾದದ್ದು ಒಂದು ಕಿಟಕಿಯಿಂದ. ಮೊದಲ ಚಳಿಗಾಲ. ನೆಲಮಾಳಿಗೆಯ ಮನೆ. ದಿನಾ ಬೆಳಗ್ಗೆ ಕಿಟಕಿ ಗಾಜಿನ ಒಳಗಡೆ ನೀರು ಇಳಿಯುತ್ತಿತ್ತು. ಗೋಡೆಯ ಮೂಲೆ ಕಪ್ಪಾಗುತ್ತಿತ್ತು. ಮನೆ ಮಾಲೀಕರು ಬಂದು ನೋಡಿದರು. ಏನೋ ಹೇಳಿದರು. ನನಗೆ ಕೇಳಿಸಿದ್ದು ಎರಡೇ ಮಾತು: 'ಕಂಡೆನ್ಸೇಶನ್', ಆಮೇಲೆ 'ಕ್ರ್ಯಾಕ್ ದ ವಿಂಡೋ'. ಕ್ರ್ಯಾಕ್ ಅಂದರೆ ಬಿರುಕು ಅಂತ ಗೊತ್ತಿತ್ತು. ನಾನೇ ಗಾಜು ಒಡೆದಿದ್ದೇನೆ ಅನ್ನುತ್ತಿದ್ದಾರೆ ಅಂದುಕೊಂಡೆ. ಇಲ್ಲ, ನಾನು ಒಡೆದಿಲ್ಲ ಅಂತ ಅಳು ಬರುವ ಹಾಗೆ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಸುಮ್ಮನೆ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಹತ್ತಿರದ ಲೈಬ್ರರಿಗೆ ಹೋದೆ. ಅಲ್ಲಿ ಮನೆಯೊಳಗಿನ ತೇವದ ಬಗ್ಗೆ ಒಂದು ಸಣ್ಣ ಪುಸ್ತಿಕೆ ಸಿಕ್ಕಿತು. ನಾಲ್ಕು ಪುಟ. ಬೆಚ್ಚಗಿನ ಗಾಳಿಯಲ್ಲಿ ನೀರಿನ ಆವಿ ಇರುತ್ತದೆ, ಅದು ತಣ್ಣನೆಯ ಗಾಜಿಗೆ ತಗುಲಿದಾಗ ಹನಿಯಾಗುತ್ತದೆ ಅಂತ ಬರೆದಿತ್ತು. ಓದುತ್ತಿದ್ದ ಹಾಗೆ ನಮ್ಮ ಹೈಸ್ಕೂಲಿನ ಮೇಷ್ಟ್ರು ಕಣ್ಣಮುಂದೆ ಬಂದರು. ಒಂದು ಸ್ಟೀಲ್ ಲೋಟಕ್ಕೆ ಐಸ್ ನೀರು ಹಾಕಿ, ಹೊರಗಡೆ ಹನಿ ಮೂಡಿದ್ದನ್ನು ಬೆರಳಲ್ಲಿ ತೋರಿಸಿ, 'ಇದೇ ಸಾಂದ್ರೀಕರಣ' ಅಂದಿದ್ದರು. ಅಯ್ಯೋ, ಇದಾ! ನನಗೆ ಇದು ಗೊತ್ತು! ಒಂದು ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಅದೇ ಪುಸ್ತಿಕೆಯಲ್ಲಿ, ಅಡುಗೆ ಮಾಡುವಾಗ, ಸ್ನಾನ ಮಾಡುವಾಗ, ಒಳಗೆ ಬಟ್ಟೆ ಒಣಹಾಕಿದಾಗ ಕಿಟಕಿಯನ್ನು 'ಕ್ರ್ಯಾಕ್' ಮಾಡಿ ಅಂತಿತ್ತು. ಸ್ವಲ್ಪವೇ ಸ್ವಲ್ಪ ತೆರೆದಿಡಿ ಅಂತ ಅರ್ಥ. ನಾನು ಒಳಗೇ ಬಟ್ಟೆ ಒಣಹಾಕುತ್ತಿದ್ದೆ, ದಿನಾ ಅನ್ನ, ಮುದ್ದೆ ಬೇಯಿಸುತ್ತಿದ್ದೆ. ಕಾರಣ ನನ್ನ ಮನೆಯಲ್ಲೇ ಇತ್ತು.

ನಾನು ನಿನಗೆ ಹೇಳಬೇಕಾದ ಮಾತು ಇದೇ ತಂಗಿ. ಕನ್ನಡದಲ್ಲಿ ವಿಜ್ಞಾನ ಓದಿದ್ದೇನಲ್ಲಾ ಅಂತ ಕೊರಗಬೇಡ. ವಿಷಯ ನಿನ್ನ ತಲೆಯಲ್ಲಿ ಆಗಲೇ ಇದೆ. ನಿನಗೆ ಚೆನ್ನಾಗಿ ಗೊತ್ತಿರುವುದನ್ನೇ ಇಂಗ್ಲಿಷಿನಲ್ಲಿ ಓದು. ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲದ ಭಾಷೆಯಲ್ಲಿ ಓದಿದರೆ ಎರಡೂ ದಕ್ಕುವುದಿಲ್ಲ. ಗೊತ್ತಿರುವ ವಿಷಯವಾದರೆ ಮುಂದಿನ ಸಾಲು ಏನಿರಬಹುದು ಅಂತ ನೀನೇ ಊಹಿಸುತ್ತೀಯ. ಆ ಊಹೆ ಸರಿಯಾದಾಗಲೆಲ್ಲ ಒಂದು ಪದ ನಿನ್ನದಾಗುತ್ತದೆ.

ನನಗೆ ಅತಿ ಹೆಚ್ಚು ಇಂಗ್ಲಿಷ್ ಕಲಿಸಿದ್ದು ನೀರು. ನಗು ಬೇಡ, ನಿಜ. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಬರುವ ನೀರು ಹೇಗಿರುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ. ನಮ್ಮ ಊರಿನಲ್ಲಿ ನನ್ನ ಜೊತೆ ಓದಿದ ಮಕ್ಕಳಲ್ಲಿ ಎಷ್ಟೋ ಜನರ ಹಲ್ಲು ಕಂದು. ಅದು ಫ್ಲೋರೈಡ್‌ನಿಂದ ಅಂತ ಚಿಕ್ಕಂದಿನಿಂದ ಕೇಳಿದ್ದೆವು. ಒಂಟಾರಿಯೋದಲ್ಲಿ ಊರಿಗೆ ನೀರು ಕೊಡುವವರು ಪ್ರತಿ ವರ್ಷ ನೀರಿನ ಗುಣಮಟ್ಟದ ವರದಿ ಕೊಡಬೇಕು. ಯಾರು ಬೇಕಾದರೂ ಓದಬಹುದು. ನಾನು ತಗೊಂಡು ಕೂತೆ. ಅದರಲ್ಲಿ 'ಫ್ಲೋರೈಡ್' ಅನ್ನುವ ಪದ ಕಂಡ ತಕ್ಷಣ ಎದೆ ಧಸಕ್ ಅಂದಿತು. ಇಲ್ಲೂ ಬಂತಾ ಇದು ಅಂತ!

ಪದ ಪದ ಬಿಡಿಸಿ ಓದಿದೆ. ಎರಡು ಸಂಜೆ ಹಿಡಿಯಿತು. ಆಮೇಲೆ ಗೊತ್ತಾಯಿತು: ಕೆನಡಾದಲ್ಲಿ ಟೊರೊಂಟೊ ಸೇರಿದಂತೆ ಹಲವು ನಗರಗಳು ನೀರಿಗೆ ಫ್ಲೋರೈಡನ್ನು ಬೇಕೆಂದೇ ಸೇರಿಸುತ್ತವೆ. ಲೀಟರಿಗೆ 0.7 ಮಿಲಿಗ್ರಾಂ ಇದ್ದರೆ ಹಲ್ಲು ಹುಳುಕಾಗುವುದು ಕಡಿಮೆಯಾಗುತ್ತದೆ ಅಂತ ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. 1.5 ಮಿಲಿಗ್ರಾಂ ದಾಟಬಾರದು. ನಮ್ಮ ದೇಶದ ಮಾನದಂಡದಲ್ಲೂ ಕೊನೆಯ ಮಿತಿ ಅದೇ 1.5. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ಆ ಮಿತಿ ದಾಟಿರುತ್ತದೆ. ಒಂದೇ ವಸ್ತು, ಸ್ವಲ್ಪ ಇದ್ದರೆ ಹಲ್ಲು ಕಾಯುತ್ತದೆ, ಜಾಸ್ತಿಯಾದರೆ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ಇದನ್ನು ಓದಿದ ಮೇಲೆ 'ಎಕ್ಸೀಡ್' (ಮೀರು), 'ಲಿಮಿಟ್' (ಮಿತಿ), 'ನ್ಯಾಚುರಲಿ ಅಕರಿಂಗ್' (ತಾನಾಗಿಯೇ ಇರುವ) ಅನ್ನುವ ಪದಗಳನ್ನು ನಾನು ಬಾಯಿಪಾಠ ಮಾಡಲಿಲ್ಲ. ಮರೆಯಲು ಆಗಲೇ ಇಲ್ಲ. ನನ್ನ ಗೆಳತಿಯರ ಮುಖ ಆ ಪದಗಳ ಜೊತೆ ಇತ್ತು.

ವಿಜ್ಞಾನದ ಬರಹದಲ್ಲಿ ಇನ್ನೊಂದು ಅನುಕೂಲ ಇದೆ. ಅದರ ವಾಕ್ಯಗಳು ನೇರ. ನೀರು ಕುದಿಯುತ್ತದೆ, ಹಿಮ ಕರಗುತ್ತದೆ, ಎಲೆ ಉದುರುತ್ತದೆ. ಹೆಚ್ಚಿನದೆಲ್ಲ ವರ್ತಮಾನ ಕಾಲ. ಕಥೆ ಪುಸ್ತಕದಲ್ಲಿ ಒಬ್ಬೊಬ್ಬರ ಮಾತಿನ ವರಸೆ ಒಂದೊಂದು ಥರ. ನಾನು ಮೊದಲು ಕಾದಂಬರಿ ಹಿಡಿದು ಮೂರನೇ ಪುಟದಲ್ಲಿ ಬಿಟ್ಟಿದ್ದೆ. ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಮೋಡ, ಜೇನು, ರಕ್ತ, ಸೇತುವೆ, ಹೀಗೆ ಒಂದೊಂದರ ಬಗ್ಗೆ ಚಿತ್ರದ ಪುಸ್ತಕಗಳಿವೆ. ಅವನ್ನೇ ಓದಿದೆ. ನೀನೂ ಓದು. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಇಲ್ಲಿ ಕಾರ್ಡ್ ಉಚಿತ, ಇಳಿದ ವಾರವೇ ಮಾಡಿಸಿಕೋ.

ಜನ ವೇಗವಾಗಿ ಮಾತಾಡಿದರೆ ಯಾಕೆ ತಪ್ಪಿಹೋಗುತ್ತದೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ನಮ್ಮ ಭಾಷೆಯಲ್ಲಿ ಕೆಲಸ ಹೇಳುವ ಪದ, ಅಂದರೆ ಕ್ರಿಯಾಪದ, ಕೊನೆಗೆ ಬರುತ್ತದೆ. 'ಈ ಮಾತ್ರೆಯನ್ನು ಊಟ ಆದ ಮೇಲೆ, ಒಂದು ಲೋಟ ನೀರಿನ ಜೊತೆ, ದಿನಕ್ಕೆ ಎರಡು ಸಲ ತೆಗೆದುಕೊಳ್ಳಿ' ಅನ್ನುತ್ತೇವೆ. ಕೊನೆಯ ಪದಕ್ಕೆ ಕಿವಿ ಕಾಯುತ್ತಿರುತ್ತದೆ. ಇಂಗ್ಲಿಷಿನಲ್ಲಿ 'ಟೇಕ್' ಅಂತಲೇ ಶುರು. ನಾವು ಕಿವಿ ಕೊಡುವಷ್ಟರಲ್ಲಿ ಮುಖ್ಯ ಪದ ಹೋಗಿಯೇ ಬಿಟ್ಟಿರುತ್ತದೆ. ಔಷಧಿ ಡಬ್ಬಿಯ ಮೇಲಿನ ಚೀಟಿಗಳನ್ನು ಓದಿ ಓದಿ ನನಗೆ ಇದು ಹೊಳೆಯಿತು. ಆಮೇಲೆ ಮೊದಲ ಎರಡು ಪದಕ್ಕೆ ಕಿವಿ ನಿಲ್ಲಿಸುವ ಅಭ್ಯಾಸ ಮಾಡಿದೆ. ಇದೊಂದನ್ನು ನೀನು ಇವತ್ತಿನಿಂದಲೇ ಮಾಡಬಹುದು.

ಆಮೇಲೆ 'ಮೇ' ಅನ್ನುವ ಪದ. ಅದರ ತೂಕ ನನಗೆ ಗೊತ್ತಾದದ್ದು ಬ್ರೆಡ್ ಫ್ಯಾಕ್ಟರಿಯಲ್ಲಿ. ನನ್ನ ಮೊದಲ ಕೆಲಸ ಅಲ್ಲೇ, ಪೊಟ್ಟಣ ಕಟ್ಟುವುದು. ಪೊಟ್ಟಣದ ಮೇಲೆ 'ಕಂಟೈನ್ಸ್' ಅಂದರೆ ಆ ಪದಾರ್ಥ ಇದೆ. 'ಮೇ ಕಂಟೈನ್' ಅಂದರೆ ಹಾಕಿಲ್ಲ, ಆದರೆ ಅದೇ ಯಂತ್ರದಲ್ಲಿ ಬೇರೆ ತಿಂಡಿ ಮಾಡುವುದರಿಂದ ಸ್ವಲ್ಪ ಸೇರಿರಬಹುದು. ಆ ಒಂದು ಸಣ್ಣ ಪದದ ಮೇಲೆ ಒಂದು ಮಗುವಿನ ಜೀವ ನಿಂತಿರುತ್ತದೆ. ಇಲ್ಲಿ ಅಲರ್ಜಿ ಅಂದರೆ ತುಂಬಾ ಗಂಭೀರ. ಕಡಲೆಕಾಯಿ, ಎಳ್ಳು ಮಾತ್ರ ಅಲ್ಲ, ಕೆನಡಾದ ಪಟ್ಟಿಯಲ್ಲಿ ಸಾಸಿವೆಯೂ ಇದೆ. ನಮ್ಮ ಒಗ್ಗರಣೆಯ ಸಾಸಿವೆ! ಕಾಲೇಜಿನಲ್ಲಿ ಯಾರಿಗಾದರೂ ಚಿತ್ರಾನ್ನ ಕೊಡುವ ಮುಂಚೆ ಕಡಲೆಬೀಜ, ಸಾಸಿವೆ ಇದೆ ಅಂತ ಹೇಳಿಬಿಡು.

ಬದುಕು ಹೇಗಿರುತ್ತೆ ಅಂದೆಯಲ್ಲ. ಜನವರಿಗೆ ಬರುತ್ತಿದ್ದೀಯ, ಹಾಗಾಗಿ ಚಳಿಯ ಮಾತು ಹೇಳಲೇಬೇಕು. ದಿನಾ ಬೆಳಗ್ಗೆ ಹವಾಮಾನದ ಸೂಚನೆ ಓದು. ಬದುಕೂ ಇಂಗ್ಲಿಷೂ ಒಟ್ಟಿಗೆ ಕಲಿಯುವ ಜಾಗ ಅದು. ಉಷ್ಣತೆ ಒಂದು ಹೇಳುತ್ತಾರೆ, 'ವಿಂಡ್ ಚಿಲ್' ಅಂತ ಇನ್ನೊಂದು ಹೇಳುತ್ತಾರೆ. ಗಾಳಿ ಬೀಸಿದಾಗ ಮೈಯ ಶಾಖ ಬೇಗ ಹೋಗುತ್ತದೆ, ಅದಕ್ಕೆ ಎರಡನೇ ಲೆಕ್ಕ. ವಿಂಡ್ ಚಿಲ್ ಮೈನಸ್ 28ರಿಂದ ಮೈನಸ್ 39ರವರೆಗೆ ಇದ್ದರೆ ಮುಚ್ಚದ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಕಿವಿ, ಮೂಗು, ಬೆರಳು ಜೋಪಾನ. ರಸ್ತೆಗೆ ಉಪ್ಪು ಹಾಕಿರುತ್ತಾರೆ. ಉಪ್ಪು ಸೇರಿದರೆ ನೀರು ಸೊನ್ನೆಗೆ ಹೆಪ್ಪುಗಟ್ಟುವುದಿಲ್ಲ ಅಂತ ಓದಿದ್ದೀಯ ಅಲ್ವಾ, ಅದೇ. ಆದರೆ ಮೈನಸ್ 10ರ ಆಸುಪಾಸಿಗಿಂತ ಕೆಳಗಿಳಿದರೆ ಸಾಮಾನ್ಯ ಉಪ್ಪಿನ ಕೆಲಸ ಕಡಿಮೆ. ಆಗ ಉಪ್ಪಿದೆ ಅಂತ ನಂಬಿ ಬೇಗ ಬೇಗ ನಡೆಯಬೇಡ.

ಊಟ, ಬಾಡಿಗೆ, ಬಸ್ಸು ಇವೆಲ್ಲ ಒಂದು ತಿಂಗಳಲ್ಲಿ ಅಭ್ಯಾಸವಾಗುತ್ತವೆ. ಒಂಟಿತನ ಮಾತ್ರ ಬೇಗ ಹೋಗುವುದಿಲ್ಲ. ಸಂಜೆ ಐದಕ್ಕೇ ಕತ್ತಲು. ಫೋನ್ ಮಾಡು, ಯಾವಾಗ ಬೇಕಾದರೂ ಮಾಡು.

ಈಗ ನೀನು ಅಲ್ಲಿರುವಾಗಲೇ ಮಾಡಬಹುದಾದದ್ದು. ನಿಮ್ಮ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ ಅಂತ ಬರೆದಿದ್ದೀಯ. ಬೆಳೆಗೆ ಹೊಡೆಯುವ ಔಷಧಿ ಡಬ್ಬಿಯ ಜೊತೆ ಮಡಿಸಿಟ್ಟ ಒಂದು ಹಾಳೆ ಇರುತ್ತದೆ. ಅಪ್ಪ ಅದನ್ನು ಬಿಸಾಕುತ್ತಿರಬಹುದು. ಅದನ್ನು ಓದು. ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡು. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಎಲೆ ಮುದುಡು ರೋಗ ಬಿಳಿ ನೊಣದಿಂದ ಹರಡುತ್ತದೆ ಅಂತ ನಿನಗೆ ಗೊತ್ತು. ಅದನ್ನೇ ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಾರೆ ನೋಡು. 'ಲೀಫ್ ಕರ್ಲ್', 'ವೈಟ್‌ಫ್ಲೈ', 'ಸ್ಪ್ರೆಡ್'. ಓದಿದ ಮೇಲೆ ಅಪ್ಪನಿಗೆ ಕನ್ನಡದಲ್ಲಿ ವಿವರಿಸು. ಹಾಗೆ ಹೇಳಲು ಬಂದರೆ ನಿನಗೆ ಅರ್ಥವಾಗಿದೆ ಅಂತ ಲೆಕ್ಕ. ಅವರಿಗೂ ಉಪಯೋಗ.

ಭಾಷೆ ಕಲಿಯುವುದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ನಮ್ಮ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬಂಗಾರಪೇಟೆ ದಾಟಿದರೆ ತಮಿಳು. ಯಾರಾದರೂ ನಮಗೆ ವ್ಯಾಕರಣ ಹೇಳಿಕೊಟ್ಟರಾ? ಸಂತೆಯಲ್ಲಿ ಬೆಲೆ ಕೇಳುತ್ತಾ, ಬಸ್ಸಿನಲ್ಲಿ ಜಾಗ ಕೇಳುತ್ತಾ ಬಂತು.

ಇಂಗ್ಲಿಷ್ ಕೂಡ ಮನೆಯೊಳಗೆ ಇತ್ತು, ನಾವು ಗುರುತಿಸಿರಲಿಲ್ಲ. ನಮ್ಮ ಸೋದರಮಾವ ಕೆಜಿಎಫ್ ಚಿನ್ನದ ಗಣಿಯಲ್ಲಿ ಭೂಮಿಯ ಕೆಳಗೆ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚುವವರೆಗೂ ಇದ್ದರು. ಅವರು ಮಾತಾಡಿದರೆ ಶಾಫ್ಟು (ಗಣಿಗೆ ಇಳಿಯುವ ಬಾವಿ), ಕೇಜು (ಅದರಲ್ಲಿ ಇಳಿಸುವ ಪಂಜರ), ರಾಕ್‌ಬರ್ಸ್ಟು (ಒತ್ತಡಕ್ಕೆ ಬಂಡೆ ಸಿಡಿಯುವುದು) ಅನ್ನುವ ಮಾತುಗಳೇ. ಇಲ್ಲಿ ಒಂಟಾರಿಯೋದಲ್ಲೇ ಸಡ್ಬರಿ ಅಂತ ಗಣಿ ಊರಿದೆ. ಅಲ್ಲಿನ ನಿಕ್ಕಲ್ ಗಣಿಯೊಳಗೆ ಎರಡು ಕಿಲೋಮೀಟರ್ ಆಳದಲ್ಲಿ 1,000 ಟನ್ ಭಾರಜಲ (ಮಾಮೂಲಿ ನೀರಿಗಿಂತ ತೂಕದ ನೀರು) ಇಟ್ಟು, ಬಂಡೆಯನ್ನೂ ಹಾದುಹೋಗುವ ನ್ಯೂಟ್ರಿನೋ ಅನ್ನುವ ಅತಿ ಸಣ್ಣ ಕಣಗಳನ್ನು ಅಳೆದರು. ಆ ಕೆಲಸಕ್ಕೆ ಆರ್ಥರ್ ಮೆಕ್‌ಡೊನಾಲ್ಡ್ ಅವರಿಗೆ 2015ರಲ್ಲಿ ನೊಬೆಲ್ ಬಂತು, ಜಪಾನಿನ ತಕಾಕಿ ಕಜಿತಾ ಅವರ ಜೊತೆ. ಆಗ ಅದರ ಬಗ್ಗೆ ಒಂದು ಉದ್ದನೆಯ ಲೇಖನ ಓದುತ್ತಿದ್ದೆ. ಮಧ್ಯದಲ್ಲಿ ಒಂದು ಸಾಲು: ಕೋಲಾರ.

ಕಣ್ಣು ಉಜ್ಜಿಕೊಂಡು ಮತ್ತೆ ಓದಿದೆ. 1965ರಲ್ಲೇ ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದಿದ್ದರು. ಮೇಲಿನ ಬಂಡೆ ಬೇರೆ ಕಣಗಳನ್ನು ಬಹುತೇಕ ತಡೆಯುತ್ತದೆ, ಅದಕ್ಕೇ ಅಷ್ಟು ಆಳ ಬೇಕು. ಮಾವ ಇಳಿಯುತ್ತಿದ್ದ ಗಣಿ ಅದು. ಲೇಖನದಲ್ಲಿ ನೂರು ಪದ ಗೊತ್ತಿರಲಿಲ್ಲ. ಆದರೆ ಶಾಫ್ಟ್ ಗೊತ್ತಿತ್ತು, ಕೇಜ್ ಗೊತ್ತಿತ್ತು. ಆ ಎರಡು ಪದ ಹಿಡಿದುಕೊಂಡೇ ಕೊನೆಯವರೆಗೂ ಹೋದೆ. ರಾತ್ರಿ ಮಾವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಕೆಳಗೆ ಯಾರೋ ಸೈಂಟಿಸ್ಟ್‌ಗಳು ಬರುತ್ತಿದ್ದರು ಅಂತ ಹಿರಿಯರು ಹೇಳುತ್ತಿದ್ದರು ಕಣಮ್ಮ' ಅಂದರು.

ಓದಿದರೆ ಮಾತು ಬರುತ್ತಾ ಅಂತ ನೀನು ಕೇಳುತ್ತೀಯ. ತಾನಾಗಿ ಬರುವುದಿಲ್ಲ. ಓದಿದ್ದನ್ನು ಜೋರಾಗಿ ಓದಬೇಕು. ಪುಸ್ತಕ ಮುಚ್ಚಿ ನಿನ್ನ ಮಾತಿನಲ್ಲಿ ಹೇಳಬೇಕು, ಗೋಡೆಗಾದರೂ ಸರಿ. ಇಲ್ಲಿ ಸರ್ಕಾರದ ಉಚಿತ ಇಂಗ್ಲಿಷ್ ತರಗತಿಗಳು ಇವೆ, ಆದರೆ ಅವು ಮುಖ್ಯವಾಗಿ ಕಾಯಂ ನಿವಾಸಿಗಳಿಗೆ. ವಿದ್ಯಾರ್ಥಿಯಾಗಿ ಬರುವ ನಿನಗೆ ಅದು ಸಿಗುವುದು ಕಷ್ಟ. ಎಷ್ಟೋ ಲೈಬ್ರರಿಗಳಲ್ಲಿ ವಾರಕ್ಕೊಮ್ಮೆ ಜನ ಸುತ್ತ ಕೂತು ಮಾತಾಡುತ್ತಾರೆ, ಅಲ್ಲಿಗೆ ಹೋಗು. ನಾನು ಮೊದಲ ದಿನ ಅಲ್ಲಿ ಮಾತಾಡಿದ್ದು ಬೋರ್‌ವೆಲ್ ಬಗ್ಗೆ. ಐದು ನಿಮಿಷ ಮಾತಾಡಿದೆ. ನಾನು ಹೇಳುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಎಲ್ಲರೂ ಕೇಳಿದರು. ಬಾಯಿ ಕಟ್ಟಲಿಲ್ಲ.

ಈ ವಾರ ಟೊಮೆಟೊ ಔಷಧಿಯ ಹಾಳೆ ಓದಿ, ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆದು ಕಳಿಸು. ತಪ್ಪಿದ್ದರೆ ಇರಲಿ, ನಾನು ಕೂತು ತಿದ್ದುತ್ತೇನೆ. ಬರುವಾಗ ಅಮ್ಮನ ಕೈಯಲ್ಲಿ ಒಂದಿಷ್ಟು ಹುರಿಹಿಟ್ಟು ಮಾಡಿಸಿಕೊಂಡು ಬಾ. ಡಬ್ಬಿಯ ಮೇಲೆ ಅದು ಏನು, ಯಾವುದರಿಂದ ಮಾಡಿದ್ದು ಅಂತ ಇಂಗ್ಲಿಷಿನಲ್ಲಿ ನೀನೇ ಬರೆದು ಅಂಟಿಸು. ವಿಮಾನ ನಿಲ್ದಾಣದಲ್ಲಿ ಕೇಳಿದರೆ ಅದನ್ನೇ ಓದಿ ಹೇಳಬಹುದು.