ಅಕ್ಕಿ ತೊಳೆಯುವ ಮೊದಲು

ಹಣದ ಮಾತು: ಓದುಗರ ಪ್ರಶ್ನೆಗಳಿಗೆ ಉಡುಪಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಉತ್ತರ

ಪ್ರಶ್ನೆ: ಸರ್, ನಮ್ಮ ಕಾಲೇಜಿನ ಸೆಮಿನಾರಿನಲ್ಲಿ ಕ್ರಿಸ್ ಹೋನ್ ಎಂಬ ಬ್ರಿಟಿಷ್ ಹೆಡ್ಜ್ ಫಂಡ್ ಮ್ಯಾನೇಜರ್ ಹೆಸರು ಬಂತು. ಬಡ ಮಕ್ಕಳಿಗಾಗಿ ಕೋಟಿಗಟ್ಟಲೆ ಡಾಲರ್ ಕೊಟ್ಟಿದ್ದಾರಂತೆ. ನನ್ನ ಗೆಳೆಯ ಮಾತ್ರ, 'ಇದೆಲ್ಲ ಟ್ಯಾಕ್ಸ್ ಉಳಿಸುವ ಲೆಕ್ಕಾಚಾರ' ಅಂದ. ಯಾರಿವರು? ನಿಜವಾಗಿಯೂ ದಾನಿಯಾ?
– ಬಿ.ಕಾಂ. ವಿದ್ಯಾರ್ಥಿ, ಬ್ರಹ್ಮಾವರ

ಉತ್ತರ: ಕ್ರಿಸ್ ಹೋನ್ ಹುಟ್ಟಿದ್ದು 1966ರಲ್ಲಿ, ಇಂಗ್ಲೆಂಡಿನ ಸರ್ರೆ ಜಿಲ್ಲೆಯ ಆಡಲ್‌ಸ್ಟನ್‌ನಲ್ಲಿ. ಅಪ್ಪ ಜಮೈಕಾದಿಂದ 1960ರಲ್ಲಿ ವಲಸೆ ಬಂದ ಕಾರ್ ಮೆಕ್ಯಾನಿಕ್. ಅಮ್ಮ ವಕೀಲರ ಕಚೇರಿಯಲ್ಲಿ ಸೆಕ್ರೆಟರಿ. ಹುಡುಗ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಓದಿದ, ನಿಮ್ಮ ಹಾಗೆಯೇ ಡೆಬಿಟ್ ಕ್ರೆಡಿಟ್ ಬರೆದವ. 1993ರಲ್ಲಿ ಹಾರ್ವರ್ಡ್‌ನಲ್ಲಿ ಎಂಬಿಎ ಮುಗಿಸಿದ. ಇಪ್ಪತ್ತರ ಆಸುಪಾಸಿನಲ್ಲಿ ಫಿಲಿಪ್ಪೀನ್ಸ್‌ನಲ್ಲಿದ್ದಾಗ ಕಸದ ರಾಶಿಯ ಮೇಲೆ ಬದುಕುವ ಮಕ್ಕಳನ್ನು ನೋಡಿದ್ದು ಮನಸ್ಸಿನಿಂದ ಹೋಗಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ.

2002ರಲ್ಲಿ ಅವರೂ ಆಗಿನ ಪತ್ನಿ ಜೇಮಿ ಕೂಪರ್ ಅವರೂ ಸೇರಿ ಮಕ್ಕಳಿಗಾಗಿ ಒಂದು ಪ್ರತಿಷ್ಠಾನ ಕಟ್ಟಿದರು. ಚಿಲ್ಡ್ರನ್ಸ್ ಇನ್ವೆಸ್ಟ್‌ಮೆಂಟ್ ಫಂಡ್ ಫೌಂಡೇಶನ್, ಚಿಕ್ಕದಾಗಿ ಸಿಫ್ ಎಂದು ಅದರ ಹೆಸರು. ಹೋನ್ ತಮ್ಮದೇ ಹೆಡ್ಜ್ ಫಂಡ್ (ಹಣವಂತರ ದುಡ್ಡು ಒಟ್ಟು ಮಾಡಿ ಹೂಡುವ ಖಾಸಗಿ ಫಂಡ್) ಟಿಸಿಐ ಶುರು ಮಾಡಿದ್ದು 2003ರಲ್ಲಿ. ಇಸವಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ದಾನದ ಪೆಟ್ಟಿಗೆ ಮೊದಲು ಬಂತು, ದುಡಿಯುವ ಅಂಗಡಿ ಆಮೇಲೆ. ಟಿಸಿಐ ಎಂಬ ಮೂರಕ್ಷರದಲ್ಲಿ ಮೊದಲನೆಯ ಎರಡು 'ದಿ ಚಿಲ್ಡ್ರನ್ಸ್' ಎಂಬ ಮಾತಿನವು. ಅಂದರೆ ಅಂಗಡಿಯ ಬೋರ್ಡಿನಲ್ಲೇ ಮಕ್ಕಳಿದ್ದರು.

ವ್ಯವಸ್ಥೆ ಹೇಗಿತ್ತು ಗೊತ್ತಾ? ಫಂಡಿನಲ್ಲಿರುವ ಒಟ್ಟು ಹಣದ ಶೇ. 0.5ರಷ್ಟು ಪ್ರತಿ ವರ್ಷ ಪ್ರತಿಷ್ಠಾನಕ್ಕೆ ಹೋಗಬೇಕು. ಆ ವರ್ಷದ ಗಳಿಕೆ ಶೇ. 11 ದಾಟಿದರೆ ಇನ್ನೊಂದು ಶೇ. 0.5. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಫಂಡಿನಲ್ಲಿ 100 ಕೋಟಿ ಇದ್ದರೆ 50 ಲಕ್ಷ ಮಕ್ಕಳದ್ದು. ವರ್ಷ ಚೆನ್ನಾಗಿದ್ದರೆ 1 ಕೋಟಿ. ಮನಸ್ಸು ಬಂದಾಗ ಕೊಡುವುದಲ್ಲ, ಬರೆದಿಟ್ಟ ನಿಯಮ. ವರ್ಷಗಳ ನಂತರ ಈ ನೇರ ಕೊಂಡಿ ಕಳಚಿತು ನಿಜ. ಆದರೆ ಅಷ್ಟರಲ್ಲಿ ಪ್ರತಿಷ್ಠಾನ ಬೇರು ಬಿಟ್ಟಾಗಿತ್ತು. 2020ರ ಹೊತ್ತಿಗೆ ಅದರ ಆಸ್ತಿ 400 ಕೋಟಿ ಡಾಲರಿಗಿಂತ ಜಾಸ್ತಿ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಮ್ಮ. ಬೆಳಿಗ್ಗೆ ಕುಚ್ಚಲಕ್ಕಿ ಅಳೆದು ಪಾತ್ರೆಗೆ ಹಾಕುತ್ತಿದ್ದರು. ತೊಳೆಯುವ ಮೊದಲು ಒಂದು ಮುಷ್ಟಿ ತೆಗೆದು ಒಲೆ ಪಕ್ಕದ ಬಿಸ್ಕಿಟ್ ಡಬ್ಬಕ್ಕೆ ಸುರಿಯುತ್ತಿದ್ದರು. ತಿಂಗಳಿಗೊಮ್ಮೆ ಆ ಅಕ್ಕಿ ಬೀದಿಯ ಕೊನೆಯ ಮನೆಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ನಮಗೇ ಗಂಜಿ ನೀರಾದಾಗ ನಾನು ಕೇಳಿದ್ದೆ, 'ಇವತ್ತೊಂದು ದಿನ ಬಿಡಬಹುದಲ್ವಾ?' ಅಮ್ಮ ಹೇಳಿದ್ದು ಇಷ್ಟೇ: 'ಬೆಂದ ಮೇಲೆ ಯಾರಿಗೂ ಕೊಡುವ ಮನಸ್ಸು ಬರುವುದಿಲ್ಲ ಮಗಾ.' ಹೋನ್ ಫಂಡಿನ ನಿಯಮದಲ್ಲಿ ನನಗೆ ಕಾಣುವುದು ಅದೇ ಮುಷ್ಟಿ.

ಟ್ಯಾಕ್ಸ್ ಉಳಿಸುವ ಮಾತಿಗೆ ಬರೋಣ. ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದು ಹೌದು. ಆದರೆ 100 ರೂಪಾಯಿ ಕೊಟ್ಟು 30 ರೂಪಾಯಿ ತೆರಿಗೆ ಉಳಿಸಿದವ 70 ರೂಪಾಯಿ ಕಳೆದುಕೊಂಡ ಹಾಗೇ ಅಲ್ವಾ? ಬರೀ ತೆರಿಗೆ ಉಳಿಸುವುದೇ ಗುರಿಯಾದರೆ ಹಣ ಕೈಬಿಡದೆ ಉಳಿಸುವ ದಾರಿಗಳು ಶ್ರೀಮಂತರಿಗೆ ಬೇಕಾದಷ್ಟಿವೆ. ನಿಮ್ಮ ಗೆಳೆಯನಿಗೆ ಈ ಲೆಕ್ಕ ಮಾಡಿ ತೋರಿಸಿ.

ಆ ಹಣ ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ ನಮ್ಮ ಕಡೆಯೇ ಒಂದು ಉದಾಹರಣೆ ಇದೆ. 2015ರಿಂದ ನಮ್ಮ ದೇಶದಲ್ಲಿ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಕೆಲಸ ಸರ್ಕಾರದ್ದು. ಅದಕ್ಕೆ ತಾಂತ್ರಿಕ ಸಹಾಯ ಮಾಡುವ ಸಂಸ್ಥೆಗೆ ಸಿಫ್ ಹಣ ಕೊಟ್ಟಿದೆ. ಕೆನ್ಯಾದಲ್ಲೂ ಇದೇ ಕೆಲಸಕ್ಕೆ ಕೊಟ್ಟಿದೆ.

ನನ್ನ ಸೊಸೆ ಮಲ್ಪೆ ಕಡೆಯ ಅಂಗನವಾಡಿ ಕಾರ್ಯಕರ್ತೆ. ಒಂದು ವರ್ಷ ಆ ದಿನ ನಾನೂ ಹೋಗಿ ಕೂತಿದ್ದೆ. ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ. ಎರಡು ವರ್ಷ ದಾಟಿದವರಿಗೆ ಇಡೀ ಮಾತ್ರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ. ಸೊಸೆ ಅರ್ಧ ಮಾತ್ರೆಯನ್ನು ಎರಡು ಚಮಚದ ನಡುವೆ ಒತ್ತಿ ಪುಡಿ ಮಾಡಿ, ನೀರಲ್ಲಿ ಕದಡಿ ಕುಡಿಸುತ್ತಿದ್ದಳು. ದೊಡ್ಡ ಮಕ್ಕಳು ಜಗಿಯಬೇಕು, ನುಂಗುವ ಹಾಗಿಲ್ಲ. ಒಬ್ಬಳು ಪುಟ್ಟಿ ಮೂಗು ಮುರಿದು ಜಗಿದು, ಬಾಯಿ ಅಗಲ ಮಾಡಿ ನಾಲಗೆ ಎತ್ತಿ ತೋರಿಸಿದಳು. ಆಮೇಲೆ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಒಂದು ಗುರುತು. ಬರಿಗಾಲಲ್ಲಿ ಆಡುವ ಮಕ್ಕಳಿಗೆ ಕೊಕ್ಕೆಹುಳು ಕಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ, ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ. ಅಮ್ಮ ಎಷ್ಟು ಉಣಿಸಿದರೂ ಮಗು ಬಿಳಿಚಿಕೊಂಡೇ ಇರುತ್ತದೆ. ಅಂಥ ರೋಗಕ್ಕೆ ಇಷ್ಟು ಅಗ್ಗದ ಮದ್ದು. ಇಂಥ ಕೆಲಸ ಹುಡುಕಿ ಹಣ ಹಾಕಿದವರ ಬಗ್ಗೆ ನನಗೆ ಗೌರವ ಇದೆ. 2014ರಲ್ಲಿ ಬ್ರಿಟನ್ ಅವರಿಗೆ 'ಸರ್' ಪದವಿ ಕೊಟ್ಟದ್ದೂ ಈ ದಾನಧರ್ಮದ ಕೆಲಸಕ್ಕೇ.

ಪ್ರಶ್ನೆ: ಹೆಡ್ಜ್ ಫಂಡ್ ಅಂದರೇನು? ಮ್ಯೂಚುವಲ್ ಫಂಡ್ ಹಾಗೆ ನಾವೂ ಹಾಕಬಹುದಾ?
– ಗೃಹಿಣಿ, ಸುರತ್ಕಲ್

ಉತ್ತರ: ದೊಡ್ಡ ಹಣವಂತರ, ಪೆನ್ಷನ್ ಫಂಡುಗಳ ದುಡ್ಡು ಒಟ್ಟು ಮಾಡಿ ಹೂಡುವ ಖಾಸಗಿ ಫಂಡ್ ಅದು. ಬೆಲೆ ಏರಿದಾಗ ಮಾತ್ರವಲ್ಲ, ಇಳಿದಾಗಲೂ ಲಾಭ ಮಾಡುವ ದಾರಿಗಳನ್ನು ಬಳಸುತ್ತದೆ, ಸಾಲ ತಂದೂ ಹೂಡುತ್ತದೆ. ಹೋನ್ ಅವರದ್ದು ಕೆಲವೇ ಕಂಪನಿಗಳಲ್ಲಿ ದೊಡ್ಡ ಪಾಲು ಹಿಡಿದು, ಆಡಳಿತ ಮಂಡಳಿಯನ್ನು ನೇರವಾಗಿ ಪ್ರಶ್ನಿಸುವ ಪದ್ಧತಿ. ಬ್ರಿಟನ್ನಿನ ಪ್ರಧಾನಿಯಾಗಿದ್ದ ರಿಷಿ ಸುನಕ್, ನಮ್ಮ ಇನ್ಫೋಸಿಸ್ ನಾರಾಯಣ ಮೂರ್ತಿಯವರ ಅಳಿಯ, 2006ರಿಂದ 2009ರ ತನಕ ಕೆಲಸ ಮಾಡಿದ್ದು ಇದೇ ಟಿಸಿಐನಲ್ಲಿ. ಭಾರತದಲ್ಲಿ ಇಂಥ ಫಂಡುಗಳಿಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಕನಿಷ್ಠ 1 ಕೋಟಿ ರೂಪಾಯಿ ಹಾಕಬೇಕು. ನೀವು ಬರೆದಿರುವ ಉಳಿತಾಯಕ್ಕೆ ಇದು ಬೇಡವೇ ಬೇಡ ಅಮ್ಮಾ. ಮಗನ ಓದಿಗೆ ಬೇಕಾದ ಹಣವನ್ನು ಎಫ್‌ಡಿಯಲ್ಲೇ ಇಡಿ.

ಪ್ರಶ್ನೆ: ಇದೇ ಹೋನ್ ಕೋಲ್ ಇಂಡಿಯಾ ಮೇಲೆ ಕಲ್ಲಿದ್ದಲಿನ ಬೆಲೆ ಏರಿಸಿ ಎಂದು ಕೋರ್ಟಿಗೆ ಹೋಗಿದ್ದರಲ್ವಾ? ಬಡ ಮಕ್ಕಳ ಮೇಲೆ ಪ್ರೀತಿ ಇದ್ದವರು ಹಾಗೆ ಮಾಡಬಹುದಾ?
– ನಿವೃತ್ತ ಉಪನ್ಯಾಸಕರು, ಮೂಡಬಿದಿರೆ

ಉತ್ತರ: ಸರಿಯಾದ ಪ್ರಶ್ನೆ ಸರ್. 2010ರಲ್ಲಿ ಕೋಲ್ ಇಂಡಿಯಾ ಷೇರು 245 ರೂಪಾಯಿಗೆ ಮಾರುಕಟ್ಟೆಗೆ ಬಂದಾಗ ಟಿಸಿಐ ಸುಮಾರು ಶೇ. 1ರಷ್ಟು ಪಾಲು ಕೊಂಡಿತು. ಶೇ. 90 ಸರ್ಕಾರದ ಕೈಯಲ್ಲಿ. ಸರ್ಕಾರ ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಕಲ್ಲಿದ್ದಲು ಮಾರಿಸುತ್ತಿದೆ, ಇದರಿಂದ ಸಣ್ಣ ಷೇರುದಾರರಿಗೆ ಅನ್ಯಾಯ ಎಂಬುದು ಅವರ ವಾದ. 2012ರಲ್ಲಿ ಕೋರ್ಟ್ ಮೆಟ್ಟಿಲೇರಿದರು. ಕೆಲವು ವರ್ಷದಲ್ಲಿ ಷೇರು ಮಾರಿ ಹೊರಟರು.

ಷೇರುದಾರನಾಗಿ ಅವರ ವಾದದಲ್ಲಿ ತಪ್ಪಿಲ್ಲ. ಆದರೆ ಕಲ್ಲಿದ್ದಲು ದುಬಾರಿಯಾದರೆ ಕರೆಂಟ್ ಬಿಲ್ ಏರುತ್ತದೆ, ಅದು ಮೊದಲು ತಟ್ಟುವುದು ಒಂದೇ ಬಲ್ಬಿನ ಮನೆಗೆ. ಆ ಮನೆಯ ಮಗುವೇ ಅಂಗನವಾಡಿಯಲ್ಲಿ ಮಾತ್ರೆ ಜಗಿಯುವುದು. ಒಂದು ಕೈಯ ಕೆಲಸ ಇನ್ನೊಂದು ಕೈಗೆ ಅಡ್ಡ ಬಂತು ಎಂದೇ ನನ್ನ ಅಭಿಪ್ರಾಯ. ದಾನ ದೊಡ್ಡದೆಂದು ಇದನ್ನು ಮರೆಸಬಾರದು.

ಮುಂದಿನದ್ದನ್ನೂ ಹೇಳಬೇಕು. 2019ರ ಕೊನೆಯಲ್ಲಿ ಅದೇ ಹೋನ್ ತಾವು ಪಾಲು ಹೊಂದಿದ ಕಂಪನಿಗಳಿಗೆ ಪತ್ರ ಬರೆದರು: ನೀವು ಉಗುಳುವ ಇಂಗಾಲದ ಲೆಕ್ಕ ಬಹಿರಂಗ ಮಾಡಿ, ಇಲ್ಲದಿದ್ದರೆ ನಿರ್ದೇಶಕರ ವಿರುದ್ಧ ಮತ ಹಾಕುತ್ತೇವೆ. 2020ರಲ್ಲಿ ಸ್ಪೇನಿನ ವಿಮಾನ ನಿಲ್ದಾಣಗಳನ್ನು ನಡೆಸುವ 'ಏನಾ' (Aena) ಎಂಬ ಕಂಪನಿಯಲ್ಲಿ, ಹವಾಮಾನದ ಯೋಜನೆಯನ್ನು ಪ್ರತಿ ವರ್ಷ ಷೇರುದಾರರ ಮತಕ್ಕೆ ಹಾಕುವ ನಿಯಮ ಪಾಸ್ ಮಾಡಿಸಿದರು. ಎಲ್ಲೂರಿನ ಕಲ್ಲಿದ್ದಲು ಸ್ಥಾವರದ ಹತ್ತಿರ ನನ್ನ ತಂಗಿಯ ಮನೆ. ಒಣಗಲು ಹಾಕಿದ ಬಿಳಿ ಬಟ್ಟೆಗೆ ಬೂದಿ ಬೀಳದ ಹಾಗೆ ನೋಡಿಕೊಳ್ಳುವುದು ಅವಳಿಗೆ ಒಂದು ಕೆಲಸವೇ ಆಗಿಬಿಟ್ಟಿದೆ. ಅವಳ ಅಂಗಳದಲ್ಲಿ ನಿಂತು ಯೋಚಿಸಿದರೆ ಇದು ಸಣ್ಣ ವಿಷಯ ಅಲ್ಲ.

ಪ್ರಶ್ನೆ: ಹೋನ್ ದಂಪತಿ ವಿಚ್ಛೇದನ ಪಡೆದರಂತೆ. ಆಗ ಪ್ರತಿಷ್ಠಾನದ ಹಣ ಇಬ್ಬರಿಗೂ ಹಂಚಿಹೋಯಿತಾ? ನಮ್ಮ ಊರಿನ ಒಂದು ಟ್ರಸ್ಟಿನಲ್ಲೂ ಈಗ ಇದೇ ಜಗಳ.
– ಶಿಕ್ಷಕಿ, ಪುತ್ತೂರು

ಉತ್ತರ: ಇಲ್ಲ. ಅವರ ಸ್ವಂತ ಆಸ್ತಿ ಬೇರೆ, ಪ್ರತಿಷ್ಠಾನದ್ದು ಬೇರೆ. ಸ್ವಂತ ಆಸ್ತಿಯಲ್ಲಿ ಜೇಮಿ ಅವರಿಗೆ ಸುಮಾರು 53 ಕೋಟಿ ಡಾಲರ್ ಎಂದು 2014ರಲ್ಲಿ ಕೋರ್ಟ್ ಹೇಳಿತು. ಪ್ರತಿಷ್ಠಾನದಿಂದ 36 ಕೋಟಿ ಡಾಲರನ್ನು ಜೇಮಿ ಕಟ್ಟಿದ ಹೊಸ ಸೇವಾ ಸಂಸ್ಥೆಗೆ ಕೊಟ್ಟು, ಅವರು ಹೊರಬರುವುದೆಂದು ಮಾತಾಯಿತು. ಗಂಡ ಹೆಂಡತಿ ಒಪ್ಪಿದರೂ ಅಷ್ಟಕ್ಕೇ ಮುಗಿಯಲಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2020ರ ಜುಲೈಯಲ್ಲಿ ತೀರ್ಪು ಕೊಡುವ ತನಕ ವಿಷಯ ಎಳೆಯಿತು. ಯಾಕೆಂದರೆ ಟ್ರಸ್ಟಿಗೆ ಒಮ್ಮೆ ಹಾಕಿದ ಹಣ ಹಾಕಿದವರದ್ದಲ್ಲ. ಆ ಹಣ ಹೋಗಿದ್ದೂ ಇನ್ನೊಂದು ಸೇವಾ ಸಂಸ್ಥೆಗೆ, ಯಾರ ಮನೆಗೂ ಅಲ್ಲ.

ನಾನೂ ಒಂದು ಟ್ರಸ್ಟಿನ ಖಜಾಂಚಿಯಾಗಿದ್ದೆ. ಸಭಾಭವನಕ್ಕೆ ದೊಡ್ಡ ಮೊತ್ತ ಕೊಟ್ಟವರೊಬ್ಬರು, ಮಗಳ ಮದುವೆಗೆ ಹಾಲ್ ಬಾಡಿಗೆ ಇಲ್ಲದೆ ಬೇಕು ಎಂದರು. ನಾನು ರಸೀದಿ ಪುಸ್ತಕ ಮುಂದಿಟ್ಟೆ. ಅವರು ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಬೇಸರವಾಯಿತು, ಆದರೆ ಬೇರೆ ದಾರಿ ಇರಲಿಲ್ಲ. ನಿಮ್ಮ ಊರಿನವರಿಗೆ ಟ್ರಸ್ಟ್ ಡೀಡ್ ಹೊರಗೆ ತೆಗೆದು ಎಲ್ಲರೆದುರು ಗಟ್ಟಿಯಾಗಿ ಓದಲು ಹೇಳಿ. ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಪ್ರಶ್ನೆ: ನನ್ನ ಸಂಬಳ 28,000. ನನಗೂ ಮಕ್ಕಳಿಗಾಗಿ ಏನಾದರೂ ಕೊಡುವ ಆಸೆ. ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ಇನ್ನಷ್ಟು ಸಂಬಳ ಬಂದ ಮೇಲೆ ಶುರು ಮಾಡಲಾ?
– ಮೊಬೈಲ್ ಅಂಗಡಿಯ ನೌಕರ, ಕಾರ್ಕಳ

ಉತ್ತರ: ಕಾಯಬೇಡಿ ತಮ್ಮಾ. ನಮ್ಮ ಊರು ಬೆಳೆದದ್ದೇ ಸಣ್ಣ ದುಡ್ಡಿನಿಂದ. 1928ರಲ್ಲಿ ಉಡುಪಿಯಲ್ಲಿ ಬ್ಯಾಂಕಿನ ಪಿಗ್ಮಿ ಉಳಿತಾಯ ಶುರುವಾದಾಗ ದಿನಕ್ಕೆ ಎರಡಾಣೆ, ಅದೂ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಿಗ್ಮಿ ಏಜೆಂಟರ ಜೊತೆ ರಥಬೀದಿ ಸುತ್ತುತ್ತಿದ್ದೆ. ಹೂ ಮಾರುವ ಹೆಂಗಸರು ಬೆಳಗಿನ ಮೊದಲ ವ್ಯಾಪಾರದ ದುಡ್ಡನ್ನೇ ಸೆರಗಿನ ಗಂಟಿನಿಂದ ಬಿಚ್ಚಿ ಕೊಡುತ್ತಿದ್ದರು. ಸಂಜೆ ತನಕ ಇಟ್ಟುಕೊಂಡರೆ ಖರ್ಚಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ದೊಡ್ಡವರೂ ಇದ್ದರು. 1906ರಲ್ಲಿ ಉಡುಪಿಯಲ್ಲಿ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು ಸರ್ಕಾರಿ ಆಸ್ಪತ್ರೆಗೆ ಜಾಗ ಕೊಟ್ಟರು. ಇವತ್ತಿಗೂ ಬಾಣಂತಿಯರು ಮಕ್ಕಳನ್ನು ಎತ್ತಿಕೊಂಡು ಅವರ ಹೆಸರಿನ ಆಸ್ಪತ್ರೆಗೇ ಹೋಗುವುದು.

ನಿಮಗೆ 200 ರೂಪಾಯಿ ಸಾಕು. ಕೊಡುವ ಮೊದಲು ಆ ಸಂಸ್ಥೆಗೆ ಒಂದು ಸಲ ಸುಮ್ನೆ ಹೋಗಿ ಬನ್ನಿ. ಅಡುಗೆಮನೆ ನೋಡಿ, ಮಕ್ಕಳ ಹತ್ತಿರ ಮಾತಾಡಿ, ಕಳೆದ ವರ್ಷದ ಲೆಕ್ಕಪತ್ರ ಕೇಳಿ. ತೋರಿಸಲು ಹಿಂದೆ ಮುಂದೆ ನೋಡಿದರೆ ಬೇರೆ ಕಡೆ ಹೋಗಿ. ನಗದು ಬೇಡ, ಖಾತೆಯಿಂದ ಖಾತೆಗೇ ಹೋಗಲಿ, ರಸೀದಿ ತೆಗೆದಿಡಿ. ಪ್ರತಿ ತಿಂಗಳು ಹಣ ತಾನಾಗಿಯೇ ಹೋಗುವ ಹಾಗೆ ಮಾಡಲು ಬ್ಯಾಂಕಿನಲ್ಲಿ 'ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್' ಫಾರ್ಮ್ ಕೇಳಿದರೆ ಕೊಡುತ್ತಾರೆ. ಅದರಲ್ಲಿ ತಾರೀಕು ಬರೆಯುವ ಜಾಗ ಇರುತ್ತದೆ. ಅಲ್ಲಿ ನಿಮ್ಮ ಸಂಬಳ ಬೀಳುವ ದಿನವನ್ನೇ ಬರೆಯಿರಿ.