ಮೈಕ್ ಬರದಿದ್ದರೆ ತಪ್ಪು ಯಾರದು?

ಮೈಕ್ ತರಬೇಕಿದ್ದ ಗೆಳೆಯರು ಬರಲಿಲ್ಲ, ಸಭೆ ಮುಕ್ಕಾಲು ಗಂಟೆ ತಡವಾಯಿತು, ಬೈಗುಳ ಮಾತ್ರ ನನಗೇಕೆ ಎಂದು ಕೇಳಿದ್ದೀರಿ. ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ನೇರವಾಗಿ ಹೇಳುತ್ತೇನೆ: ಬಂದು ಕೂತವರ ಪಾಲಿಗೆ ಸಭೆ ನಡೆಸುವವರು ನೀವೇ. ‘ತಡವಾಗಿದ್ದಕ್ಕೆ ಕ್ಷಮಿಸಿ, ನಾನು ಮೊದಲೇ ವಿಚಾರಿಸಬೇಕಿತ್ತು’ ಎಂದು ಅಲ್ಲೇ ಹೇಳಿ ಶುರು ಮಾಡಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತು. ಆ ಗೆಳೆಯರ ಹೆಸರನ್ನು ಎಲ್ಲರೆದುರು ಎತ್ತಬೇಡಿ. ಆಮೇಲೆ ಅವರೊಬ್ಬರನ್ನೇ ಕೂರಿಸಿಕೊಂಡು ಏನಾಯಿತೆಂದು ಕೇಳಿ.

ನಾನೂ ಮೊದಮೊದಲು ‘ಯಾರಾದರೂ ನೋಡಿಕೊಳ್ಳಿ’ ಎಂದು ಬಿಟ್ಟುಬಿಡುತ್ತಿದ್ದೆ, ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಈಗ ಪ್ರತಿ ಕೆಲಸದ ಮುಂದೆಯೂ ಒಬ್ಬರ ಹೆಸರು ಬರೆದಿಟ್ಟು, ಹಿಂದಿನ ಸಂಜೆ ಖುದ್ದಾಗಿ ಫೋನ್ ಮಾಡುತ್ತೇನೆ. ಮುಂದಿನ ಸಭೆಗೂ ಮೈಕನ್ನು ಆ ಗೆಳೆಯರಿಗೇ ವಹಿಸಿ, ಅರ್ಧ ಗಂಟೆ ಮೊದಲೇ ನೀವೂ ಅಲ್ಲಿರಿ.