ಓದುಗರ ಪ್ರಶ್ನೆ: ಮೂರು ಕ್ಯಾಮೆರಾ, ಕ್ಲೌಡ್‌ನಲ್ಲಿ ಒಂದು ನೇರಪ್ರಸಾರ

ಪ್ರಶ್ನೆ: ಬಂಟ್ವಾಳದ ಸಮೀಪ ನಡೆಯುವ ಯಕ್ಷಗಾನ ಬಯಲಾಟಗಳನ್ನು ನಮ್ಮ ಸಂಘವು ಮೂರು ಕ್ಯಾಮೆರಾಗಳಿಂದ ಯೂಟ್ಯೂಬ್‌ಗೆ ನೇರಪ್ರಸಾರ ಮಾಡುತ್ತದೆ. ಈಗ ಆರ್‌ಟಿಎಂಪಿ (ಇಂಟರ್ನೆಟ್ ಮೇಲೆ ವಿಡಿಯೋ ಕಳುಹಿಸುವ ಒಂದು ವಿಧಾನ) ಮೂಲಕ ಕ್ಲೌಡ್ ಕಂಪ್ಯೂಟರಿಗೆ ಕಳುಹಿಸಿ, ಅಲ್ಲಿ ಎನ್‌ಡಿಐ ಎಂಬ ಇನ್ನೊಂದು ವಿಡಿಯೋ ವಿಧಾನಕ್ಕೆ ಪರಿವರ್ತಿಸಿ, ವಿಮಿಕ್ಸ್ ಎಂಬ ತಂತ್ರಾಂಶದಲ್ಲಿ ದೃಶ್ಯ ಬದಲಿಸುತ್ತಿದ್ದೇವೆ. ಚಿತ್ರ ಮಸುಕಾಗುತ್ತಿದೆ, ಚೆಂಡೆಗೂ ಹೆಜ್ಜೆಗೂ ತಾಳೆಯಾಗುತ್ತಿಲ್ಲ. ಆಟದ ಜಾಗದಿಂದಲೇ ಎನ್‌ಡಿಐಯಲ್ಲಿ ಕಳುಹಿಸಿದರೆ ಸರಿಹೋಗುವುದೇ?

ಉತ್ತರ: ಸರಿಹೋಗುವುದಿಲ್ಲ. ಎನ್‌ಡಿಐ ರೂಪುಗೊಂಡದ್ದು ಸ್ಟುಡಿಯೋದ ಒಳಗಿನ ವೇಗದ ಜಾಲಕ್ಕಾಗಿ. ಪೂರ್ಣ ಎನ್‌ಡಿಐಯಲ್ಲಿ 1080ಪಿ ಗುಣಮಟ್ಟದ ಒಂದು ಕ್ಯಾಮೆರಾವೇ ಸೆಕೆಂಡಿಗೆ 100 ಮೆಗಾಬಿಟ್‌ಗೂ ಹೆಚ್ಚು ಕೇಳುತ್ತದೆ. ಗದ್ದೆಯ ರಂಗಸ್ಥಳದಿಂದ ಮೊಬೈಲ್ ಸಂಪರ್ಕದ ಮೇಲೆ ಅಂಥ ಮೂರನ್ನು ಕಳುಹಿಸುವುದು ಆಗದ ಮಾತು.

ಪರಿವರ್ತನೆಯಲ್ಲಿ ಎರಡು ಬಗೆಯಿದೆ. ಎಚ್.264 ಎಂಬ ರೂಪದಲ್ಲಿ ಸಂಕುಚಿತಗೊಂಡ ವಿಡಿಯೋವನ್ನು ಮುಟ್ಟದೆ ಆರ್‌ಟಿಎಂಪಿಯಿಂದ ಎಸ್‌ಆರ್‌ಟಿಗೆ (ಇಂಟರ್ನೆಟ್ ಮೇಲೆ ವಿಡಿಯೋ ಕಳುಹಿಸುವ ಮತ್ತೊಂದು ವಿಧಾನ) ದಾಟಿಸಿದರೆ ಗುಣಮಟ್ಟ ಒಂದಿಷ್ಟೂ ಕುಂದುವುದಿಲ್ಲ, ಪ್ರೊಸೆಸರಿಗೂ ಹೊರೆಯಿಲ್ಲ. ಎನ್‌ಡಿಐಗೆ ಒಯ್ಯುವಾಗ ಮಾತ್ರ ಅದನ್ನು ಡಿಕೋಡ್ ಮಾಡಿ (ಸಂಕುಚನ ಬಿಚ್ಚಿ) ಮತ್ತೆ ಎನ್‌ಕೋಡ್ (ಸಂಕುಚಿತ) ಮಾಡಲೇಬೇಕು. ಸಾಮಾನ್ಯ ಎನ್‌ಕೋಡರ್‌ಗಳು ಬಳಸುವ 4:2:0 ಮಾದರಿಯಲ್ಲಿ ಬಣ್ಣದ ವಿವರ ಮೊದಲೇ ಕಾಲುಭಾಗಕ್ಕೆ ಇಳಿದಿರುತ್ತದೆ. ಎನ್‌ಡಿಐಯ 4:2:2 ಮಾದರಿ ಹೆಚ್ಚು ಬಣ್ಣದ ವಿವರ ಹಿಡಿಯಬಲ್ಲದಾದರೂ, ಕಳೆದದ್ದನ್ನು ಮರಳಿ ತರಲಾರದು. ಹೀಗಾಗಿ ರಾತ್ರಿಯ ಬೆಳಕಿನಲ್ಲಿ ಬಣ್ಣದ ವೇಷದ ಗಾಢ ಕೆಂಪು ಎಲ್ಲಕ್ಕಿಂತ ಮೊದಲು ಕದಡುತ್ತದೆ. ನಿಮ್ಮ ವ್ಯವಸ್ಥೆಯಲ್ಲಿ ಈ ಮಧ್ಯದ ಹಂತವೇ ಅನಗತ್ಯ: ವಿಮಿಕ್ಸ್ ಎಸ್‌ಆರ್‌ಟಿಯನ್ನು ನೇರವಾಗಿ ಸ್ವೀಕರಿಸುತ್ತದೆ. ಗ್ರಾಫಿಕ್ಸ್ ಒಂದು ಯಂತ್ರದಲ್ಲಿ, ಸ್ವಿಚಿಂಗ್ ಇನ್ನೊಂದರಲ್ಲಿ ಇದ್ದಾಗ ಮಾತ್ರ ಕ್ಲೌಡ್‌ನೊಳಗೆ ಎನ್‌ಡಿಐಗೆ ಅರ್ಥವಿದೆ. ಆಗಲೂ ಕ್ಲೌಡ್ ಜಾಲಗಳಲ್ಲಿ ಮಲ್ಟಿಕಾಸ್ಟ್ (ಒಂದೇ ಸಲಕ್ಕೆ ಹಲವು ಯಂತ್ರಗಳಿಗೆ ಸಂದೇಶ ಕಳುಹಿಸುವುದು) ಸಾಮಾನ್ಯವಾಗಿ ನಡೆಯದ ಕಾರಣ, ಯಂತ್ರಗಳು ಪರಸ್ಪರ ಕಾಣಲು ಡಿಸ್ಕವರಿ ಸರ್ವರ್ ಇಡಬೇಕಾಗುತ್ತದೆ.

ತಾಳ ತಪ್ಪುವುದಕ್ಕೆ ನನ್ನ ಅನುಮಾನ ಆರ್‌ಟಿಎಂಪಿಯ ಮೇಲೆ. ಬ್ರೌಸರಿನ ಹಳೆಯ ಫ್ಲ್ಯಾಶ್ ಪ್ಲೇಯರ್‌ಗಾಗಿ ಹುಟ್ಟಿದ ಈ ಪ್ರೋಟೋಕಾಲ್, 2020ರ ಕೊನೆಗೆ ಫ್ಲ್ಯಾಶ್ ಮುಗಿದ ಮೇಲೂ ಗಟ್ಟಿಯಾಗಿ ಉಳಿದಿದೆ. ಆದರೆ ಇದು ಎಲ್ಲವನ್ನೂ ಕ್ರಮವಾಗಿ ತಲುಪಿಸುವ ಟಿಸಿಪಿ ಮೇಲೆ ಚಲಿಸುವುದರಿಂದ, ಒಂದು ಪ್ಯಾಕೆಟ್ (ದತ್ತಾಂಶದ ತುಣುಕು) ಕಳೆದರೆ ಅದು ಮತ್ತೆ ಬರುವವರೆಗೆ ಅದರ ನಂತರದವೆಲ್ಲ ಕಾಯುತ್ತವೆ, ಮತ್ತು ಪ್ರತಿ ಕ್ಯಾಮೆರಾದ ವಿಳಂಬವೂ ತನ್ನ ಪಾಡಿಗೆ ಬೆಳೆಯುತ್ತದೆ. ಅಂಥ ಕಾಯುವಿಕೆಯಿಲ್ಲದ ಯುಡಿಪಿ ಮೇಲೆ ನಡೆಯುವ, 2017ರಲ್ಲಿ ಮುಕ್ತ ತಂತ್ರಾಂಶವಾದ ಎಸ್‌ಆರ್‌ಟಿ ಕಳೆದದ್ದನ್ನು ನಿಗದಿತ ಅವಧಿಯೊಳಗೆ ಮತ್ತೆ ಕೇಳಿ ಪಡೆಯುತ್ತದೆ, ಸಿಗದಿದ್ದರೆ ಬಿಟ್ಟು ಮುಂದೆ ಸಾಗುತ್ತದೆ; ವಿಳಂಬ ಸ್ಥಿರವಾಗಿರುತ್ತದೆ. ಈ ಅವಧಿಯ ಮೂಲ ಸೆಟ್ಟಿಂಗ್ 120 ಮಿಲಿಸೆಕೆಂಡ್, ಮೊಬೈಲ್ ಜಾಲಕ್ಕೆ ಸಾಲದು. ಪ್ಯಾಕೆಟ್ ಕ್ಲೌಡ್‌ಗೆ ಹೋಗಿಬರುವ ಸಮಯದ ನಾಲ್ಕು ಪಟ್ಟು ಎಂಬುದು ರೂಢಿಯ ಲೆಕ್ಕ. ನಾನಾದರೆ ಬಯಲಾಟಕ್ಕೆ ಒಂದೆರಡು ಸೆಕೆಂಡನ್ನೇ ಇಟ್ಟು, ಮೂರಕ್ಕೂ ಒಂದೇ ಮೌಲ್ಯ ಕೊಡುತ್ತೇನೆ. ಮೊಬೈಲ್ ಸಂಪರ್ಕಕ್ಕೆ ಸಾಮಾನ್ಯವಾಗಿ ಹೊರಗಿನಿಂದ ತಲುಪಬಲ್ಲ ವಿಳಾಸ ಇರುವುದಿಲ್ಲವಾದ್ದರಿಂದ, ಕ್ಯಾಮೆರಾ ಕಡೆ ಕಾಲರ್ (ಸಂಪರ್ಕ ಆರಂಭಿಸುವುದು), ಕ್ಲೌಡ್ ಕಡೆ ಲಿಸನರ್ (ಸಂಪರ್ಕಕ್ಕೆ ಕಾಯುವುದು) ಇರಲಿ.

ಮಿಕ್ಸರಿನ ಧ್ವನಿಯನ್ನು ಒಂದೇ ಕ್ಯಾಮೆರಾದ ಸ್ಟ್ರೀಮಿಗೆ ಸೇರಿಸಿ. ಆಟಕ್ಕೆ ಮುನ್ನ ಭಾಗವತರಿಂದ ಜಾಗಟೆಗೆ ಒಂದು ಪೆಟ್ಟು ಹೊಡೆಸಿ, ಮೂರೂ ಚಿತ್ರಗಳಲ್ಲಿ ಅದನ್ನು ನೋಡಿ, ಉಳಿದ ವ್ಯತ್ಯಾಸವನ್ನು ವಿಮಿಕ್ಸ್‌ನಲ್ಲೇ ಸರಿಪಡಿಸಿ. ಯೂಟ್ಯೂಬ್‌ಗೆ ಹೋಗುವ ಕೊನೆಯ ಹಂತ ಆರ್‌ಟಿಎಂಪಿಯಲ್ಲೇ ಇದ್ದರೆ ತೊಂದರೆಯಿಲ್ಲ.

ಪ್ರಶ್ನೆ: ಮೂರನೆಯ ಕ್ಯಾಮೆರಾ ಒಂದು ಫೋನ್. ಧೀಂಗಿಣ ಹಾಕುವಾಗ ಅದರ ಚಿತ್ರ ಮಾತ್ರ ತಡವರಿಸುತ್ತದೆ, ಏಕೆ?

ಉತ್ತರ: ಫೋನ್ ಸೆಕೆಂಡಿಗೆ 30 ಫ್ರೇಮ್ ಕೊಡುತ್ತಿರಬೇಕು, ಉಳಿದವು 25 ಅಥವಾ 50. ಕ್ಲೌಡ್ ಕೆಲವು ಫ್ರೇಮ್‌ಗಳನ್ನು ಬಿಟ್ಟೋ ಪುನರಾವರ್ತಿಸಿಯೋ ಹೊಂದಿಸುತ್ತದೆ, ವೇಗದ ಸುತ್ತಿನಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಫ್ರೇಮ್ ದರ ಬದಲಿಸಬಲ್ಲ ಆ್ಯಪ್ ಬಳಸಿ ಫೋನನ್ನೂ ಅದೇ ದರಕ್ಕೆ ತನ್ನಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ, ಶಟರನ್ನೂ 1/50ಕ್ಕೆ ಇಟ್ಟರೆ ದೀಪಗಳ ಮಿನುಗುವಿಕೆಯೂ ಕಡಿಮೆಯಾದೀತು.